ಎಂಎಸ್ ಮುಗಿಸಿ ರಕ್ತನಾಳ ಶಸ್ತ್ರಚಿಕಿತ್ಸೆ ಓದಿದರೆ ಕಲಬುರಗಿಗೇ ಮರಳಿ ಅಧ್ಯಾಪಕನಾಗಿ ನೆಲೆ ನಿಲ್ಲಬಹುದೇ?

ಪ್ರಶ್ನೆ: ಸೇಡಂ ಕಡೆಯವನು

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ವೈದ್ಯಕೀಯ ಕಾಲೇಜೊಂದರಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂಎಸ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ವಾರ್ಡಿನಲ್ಲಿ ಯಾವ ದಿನ ನೋಡಿದರೂ ಕಾಲು ಕಪ್ಪಾಗಿ ಬಂದವರು ಇದ್ದೇ ಇರುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು. ಉಳಿದವರು ಚಿಕ್ಕಂದಿನಿಂದ ಬೀಡಿ ಸೇದುತ್ತ ಬಂದ, ಇನ್ನೂ ನಲವತ್ತು ದಾಟದ ಕೂಲಿಕಾರರು. ಮೊದಲು ಒಂದು ಬೆರಳು, ಆಮೇಲೆ ಪಾದದ ಮುಂಭಾಗ, ಕೊನೆಗೆ ಮೊಣಕಾಲಿನ ಕೆಳಗೆ, ಹೀಗೆ ಒಂದೇ ಕಾಲನ್ನು ಕಂತುಕಂತಾಗಿ ಕತ್ತರಿಸುವುದನ್ನು ನೋಡುತ್ತ ಬಂದಿದ್ದೇನೆ. ರಕ್ತದ ಹರಿವನ್ನು ಸರಿಪಡಿಸದೆ ಕೊಯ್ದರೆ ಗಾಯ ಮಾಯುವುದಿಲ್ಲವೆಂದು ಪುಸ್ತಕದಲ್ಲಿ ಓದಿದ್ದೇವೆ. ಆದರೆ ಸರಿಪಡಿಸಬಲ್ಲವರನ್ನು ಹುಡುಕಿಕೊಂಡು ರೋಗಿಯು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಬೇಕಾಗುತ್ತದೆ, ಹೋಗುವ ಶಕ್ತಿ ಇಲ್ಲದವರು ನಮ್ಮಲ್ಲಿಯೇ ಕಾಲು ಕಳೆದುಕೊಳ್ಳುತ್ತಾರೆ.

ಆದ್ದರಿಂದ ರಕ್ತನಾಳ ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್ ನಂತರದ ಉನ್ನತ ಪದವಿಯಾದ ಎಂಸಿಎಚ್ ಮಾಡುವ ಆಸೆ ಹುಟ್ಟಿದೆ. ಮುಗಿಸಿದ ಮೇಲೆ ಖಾಸಗಿ ಆಸ್ಪತ್ರೆಗಿಂತ ಬೋಧನಾ ಆಸ್ಪತ್ರೆಯಲ್ಲಿ ಇರಬೇಕೆಂಬುದು ನನ್ನ ಮನಸ್ಸು. ತಂದೆಯವರು ತೊಗರಿ ಬೆಳೆಯುವ ರೈತರು. ಇನ್ನೂ ಎಷ್ಟು ವರ್ಷ ಓದುತ್ತೀ ಎಂದು ಅವರು ಕೇಳುವುದರಲ್ಲಿ ತಪ್ಪಿಲ್ಲ. ಈ ಕ್ಷೇತ್ರದ ಅಧ್ಯಾಪಕರ ದಿನಚರಿ ನಿಜವಾಗಿ ಹೇಗಿರುತ್ತದೆ, ಕಲಬುರಗಿ, ಬೀದರ್ ಅಥವಾ ಯಾದಗಿರಿಯಲ್ಲಿ ಅಂಥ ಕೆಲಸಕ್ಕೆ ನೆಲೆ ಇದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಭಾಲ್ಕಿ ಮೂಲದ ಮೇಷ್ಟ್ರು

ನಾನು ಬೀದರ್ ಜಿಲ್ಲೆಯವನು. ಹೊರ ರಾಜ್ಯದ ಬೋಧನಾ ಆಸ್ಪತ್ರೆಯೊಂದರ ರಕ್ತನಾಳ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಪಾಠ ಮಾಡುತ್ತೇನೆ. ತಮ್ಮಾ, ನಿನ್ನ ತಂದೆಯವರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಎಸ್ ಮೂರು, ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ಬರೆದು ಸೀಟು ಸಿಕ್ಕರೆ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಡಿಆರ್‌ಎನ್‌ಬಿ ಇನ್ನು ಮೂರು. ಪರೀಕ್ಷೆಯ ಸಿದ್ಧತೆಗೆ ಹೋಗುವ ಕಾಲ ಇದಕ್ಕೆ ಹೊರತು. ಓದಲು ಬೆಂಗಳೂರು, ಹೈದರಾಬಾದ್, ಚೆನ್ನೈ, ವೆಲ್ಲೂರಿನಂಥ ಕಡೆಗೆ ಹೋಗಲೇಬೇಕು. ಮುಗಿಸಿದ ಮೇಲೆ ಬೋಧಕ ಹುದ್ದೆಯಲ್ಲಿ ಬರುವ ಸಂಬಳವು ಅದೇ ಪದವಿಯ ಖಾಸಗಿ ವೈದ್ಯನ ಗಳಿಕೆಗಿಂತ ಸಾಕಷ್ಟು ಕಡಿಮೆ ಎಂಬುದನ್ನು ಮನೆಯವರಿಗೆ ಈಗಲೇ ಹೇಳಿಬಿಡು, ಆಮೇಲೆ ಹೇಳಿದರೆ ಅದು ಜಗಳವಾಗುತ್ತದೆ.

ಕೆಲಸದ ವಿಷಯಕ್ಕೆ ಬರೋಣ. ಚಾಕು ಹಿಡಿಯುವ ಆಸೆಯಿಂದ ಈ ಕ್ಷೇತ್ರಕ್ಕೆ ಬರುವವರಿಗೆ ಮೊದಲ ವರ್ಷವೇ ಆಶ್ಚರ್ಯವಾಗುತ್ತದೆ, ಏಕೆಂದರೆ ಇಂದು ನಮ್ಮ ಕೆಲಸದ ದೊಡ್ಡ ಪಾಲು ನಡೆಯುವುದು ಎಕ್ಸ್‌ರೇ ಪರದೆಯ ಮುಂದೆ, ಸೀಸದ ಏಪ್ರನ್ ತೊಟ್ಟು, ತೊಡೆಯ ಸಂದಿನಲ್ಲಿ ಚುಚ್ಚಿದ ಸೂಜಿಯ ಮೂಲಕ ತೂರಿಸಿದ ತಂತಿಯ ಮೇಲೆ. ಇದನ್ನು ಆರಂಭಿಸಿದವನು ಶಸ್ತ್ರಚಿಕಿತ್ಸಕನೂ ಅಲ್ಲ. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್, ಪಾದಕ್ಕೆ ಗ್ಯಾಂಗ್ರೀನ್ ಆಗಿದ್ದರೂ ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮುದುಕಿಯೊಬ್ಬರ ತೊಡೆಯ ಅಪಧಮನಿಯನ್ನು ಕೊಳವೆಗಳಿಂದಲೇ ಹಿಗ್ಗಿಸಿ ಕಾಲು ಉಳಿಸಿದ. ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿದಾಗ ಹೊಟ್ಟೆ ತೆರೆಯದೆ ಒಳಗಿನಿಂದಲೇ ಕೃತಕ ನಾಳ ಕೂರಿಸುವ ವಿಧಾನವನ್ನು ಹುವಾನ್ ಪರೋದಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಾಡಿ ತೋರಿಸಿದ. ಹೀಗಾಗಿ ಇವತ್ತು ತೆರೆದ ಶಸ್ತ್ರಚಿಕಿತ್ಸೆ ಮತ್ತು ತಂತಿಯ ಕೆಲಸ ಎರಡೂ ಬರಬೇಕು, ಒಂದನ್ನೇ ಕಲಿಸುವ ಕೇಂದ್ರಕ್ಕೆ ಹೋಗಬೇಡ.

ಹಾಗೆಂದು ಹಳೆಯ ವಿದ್ಯೆಗೆ ಬೆಲೆ ಇಲ್ಲವೆಂದಲ್ಲ. ಮುಚ್ಚಿದ ಕಡೆಯನ್ನು ದಾಟಿ ರಕ್ತಕ್ಕೆ ಹೊಸ ದಾರಿ ಮಾಡುವ, ತೊಡೆಯಿಂದ ಹರಡಿನವರೆಗಿನ ಬೈಪಾಸಿಗೆ ರೋಗಿಯದೇ ಕಾಲಿನ ಒಳಬದಿಯ ಉದ್ದ ಅಭಿಧಮನಿಯನ್ನು ತೆಗೆದು, ಅದರೊಳಗಿನ ಕವಾಟಗಳು ರಕ್ತಕ್ಕೆ ಅಡ್ಡಬಾರದಂತೆ ತಲೆಕೆಳಗಾಗಿ ತಿರುಗಿಸಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಕಣ್ಣಿಗೆ ದೊಡ್ಡದಾಗಿ ತೋರಿಸುವ ಲೂಪ್ ಏರಿಸಿಕೊಂಡು, ಕೂದಲೆಳೆಗಿಂತ ದಪ್ಪವಿಲ್ಲದ ಏಳು ಸೊನ್ನೆಯ ಪ್ರೋಲಿನ್ ದಾರದಿಂದ ಹೊಲಿಯಬೇಕು. ಸೂಜಿ ಯಾವಾಗಲೂ ಅಪಧಮನಿಯ ಒಳಗಿನಿಂದ ಹೊರಗೆ ಬರಬೇಕು, ಇಲ್ಲದಿದ್ದರೆ ಒಳಪದರ ಸೀಳಿ ನಾಳ ಮುಚ್ಚುತ್ತದೆ. ಅಧ್ಯಾಪಕನ ಕಷ್ಟ ಇರುವುದು ಇಲ್ಲಿಯೇ. ಕಲಿಯುವವನ ಕೈಗೆ ಆ ಸೂಜಿಯನ್ನು ಕೊಡದಿದ್ದರೆ ಅವನು ಕಲಿಯುವುದಿಲ್ಲ, ಕೊಟ್ಟರೆ ಪ್ರತಿಯೊಂದು ಹೊಲಿಗೆಗೂ ನಿನ್ನ ಉಸಿರು ಕಟ್ಟುತ್ತದೆ. ಹೊಲಿಗೆ ಮುಗಿದು ಕ್ಲ್ಯಾಂಪ್ ಬಿಟ್ಟ ಮೇಲೆ ಪಾದದ ಮೇಲೆ ರಕ್ತದ ಹರಿವನ್ನು ಸದ್ದಾಗಿಸುವ ಡಾಪ್ಲರ್ ಪೆನ್ ಇಟ್ಟು ಕೇಳುವ ಆ ಕೆಲವು ಕ್ಷಣಗಳಲ್ಲಿ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಕೈ ಎಷ್ಟು ಪಳಗಿದರೂ ಅದು ಬದಲಾಗಲಿಲ್ಲ.

ಆದರೆ ನಮ್ಮ ಭಾಗದ ಮಟ್ಟಿಗೆ ನಾನು ಹೇಳಬೇಕೆಂದಿರುವುದು ಬೇರೆ. ಕಲಬುರಗಿಗೆ ಬರುವ ರಕ್ತನಾಳ ಅಧ್ಯಾಪಕನ ಅತಿ ದೊಡ್ಡ ಉಪಯೋಗ ಅವನು ಮಾಡುವ ಬೈಪಾಸುಗಳಲ್ಲಿ ಇಲ್ಲ, ಅವನ ಕೈಕೆಳಗೆ ಓದಿ ಹೊರಬೀಳುವ ಎಂಬಿಬಿಎಸ್ ಹುಡುಗರ ಬೆರಳುಗಳಲ್ಲಿ ಇದೆ. ಪಾದದ ಮೇಲ್ಭಾಗದಲ್ಲಿ ಒಂದು, ಒಳಹರಡಿನ ಹಿಂದೆ ಒಂದು, ಈ ಎರಡು ನಾಡಿಗಳನ್ನು ಮುಟ್ಟಿ ನೋಡದೆಯೇ ಪಾದದ ಗಾಯಕ್ಕೆ ವಾರಗಟ್ಟಲೆ ಪಟ್ಟಿ ಕಟ್ಟುವ ರೂಢಿ ನಮ್ಮಲ್ಲಿದೆ. "ನಾಕ್ ಹೆಜ್ಜಿ ನಡದ್ರ ಮೀನಖಂಡ ಹಿಡಿತದ್ರಿ, ನಿಂತ್ರ ಬಿಡ್ತದ್ರಿ" ಎಂದು ರೋಗಿ ತನ್ನ ಬಾಯಿಂದಲೇ ರೋಗನಿರ್ಣಯ ಹೇಳಿದರೂ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ಅಪಧಮನಿ ಮುಚ್ಚುತ್ತಿದೆ ಎಂದರ್ಥ. ಇದಕ್ಕೆ ಬೇಕಾದದ್ದು ಒಂದು ಬಿಪಿ ಪಟ್ಟಿ ಮತ್ತು ಅಂಗೈಯಗಲದ ಡಾಪ್ಲರ್ ಮಾತ್ರ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಈ ಅಂಕಿ ಸುಳ್ಳಾಗಿ ಮೇಲೇರುತ್ತದೆ, ಆಗ ಹೆಬ್ಬೆರಳಿನ ಒತ್ತಡ ನೋಡಬೇಕು ಎಂಬುದನ್ನೂ ಜೊತೆಗೇ ಕಲಿಸಬೇಕು.

ಮೇ ತಿಂಗಳಲ್ಲಿ ಕಾದು ಕೆಂಡವಾದ ಶಹಾಬಾದಿ ಕಲ್ಲಿನ ಅಂಗಳದಲ್ಲಿ ಬರಿಗಾಲಿನಿಂದ ಪ್ರದಕ್ಷಿಣೆ ಹಾಕಿ, ಅಂಗಾಲಿನಲ್ಲಿ ಬೊಬ್ಬೆ ಎದ್ದದ್ದು ಮನೆಯವರು ನೋಡಿ ಹೇಳುವವರೆಗೆ ಗೊತ್ತೇ ಆಗದ ರೋಗಿಗಳು ಊರಿಗೆ ಬಂದಾಗಲೆಲ್ಲ ನನಗೆ ಸಿಗುತ್ತಾರೆ. ಸ್ಪರ್ಶಜ್ಞಾನ ಹೋದ ಪಾದಕ್ಕೆ ಯಾವ ಬಿಸಿಲು, ಯಾವ ತೊಗರಿ ಕೂಳೆ ಏನು ಮಾಡುತ್ತದೆ ಎಂಬುದು ಹೊರಗಿನ ಪುಸ್ತಕಗಳಲ್ಲಿ ಇರುವುದಿಲ್ಲ. ಬರೆಯಬೇಕಾದವನು ಅಲ್ಲಿಯವನೇ.

ಇನ್ನು ನೆಲೆಯ ಮಾತು. ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಭಾಗದವರಿಗೆ ನೇಮಕಾತಿಯಲ್ಲಿ ಮೀಸಲಾತಿ ಇದೆ. ಆದರೆ ರಕ್ತನಾಳ ಶಸ್ತ್ರಚಿಕಿತ್ಸಕನ ಹುದ್ದೆಯೇ ಮಂಜೂರಾಗದ ಕಡೆ ಆ ಮೀಸಲಾತಿಯಿಂದ ನಿನಗೆ ಲಾಭವಿಲ್ಲ. ಸಾಮಾನ್ಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸೇರಿ ಹರ್ನಿಯಾ, ಅಪೆಂಡಿಕ್ಸ್ ಮಾಡುತ್ತ ಕುಳಿತರೆ ಕಲಿತದ್ದು ಎರಡೇ ವರ್ಷದಲ್ಲಿ ಕೈಬಿಟ್ಟು ಹೋಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಕಲಬುರಗಿಯಲ್ಲಿ ಇರುವುದರಿಂದ ತಂತಿಯ ಕೆಲಸ ನಡೆಯುವ ಕ್ಯಾಥ್‌ಲ್ಯಾಬ್ ಈ ಊರಿಗೆ ಹೊಸತಲ್ಲ. ಸೇರುವ ಸಂಸ್ಥೆಯಲ್ಲಿ ನಿನಗೆ ವಾರಕ್ಕೆ ಎಷ್ಟು ದಿನ ಲ್ಯಾಬ್ ಸಿಗುತ್ತದೆ ಎಂಬುದನ್ನು ಸಂಬಳಕ್ಕಿಂತ ಮೊದಲು ಕೇಳು.

ಉತ್ತರ: ಯಾದಗಿರಿ ಸರ್ಜನ್

ಮೇಷ್ಟ್ರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಬೈಪಾಸಿಗಿಂತ ಪಾಠ ದೊಡ್ಡದು ಎಂಬುದನ್ನು ಯಾದಗಿರಿಯಲ್ಲಿ ಕುಳಿತು ಒಪ್ಪುವುದು ಕಷ್ಟ. ಹೃದಯದ ಕವಾಟ ಕೆಟ್ಟು, ಬಡಿತ ಏರುಪೇರಾಗಿ, ಒಳಗೆ ಹೆಪ್ಪುಗಟ್ಟಿದ ರಕ್ತದ ತುಣುಕು ಹಾರಿ ತೊಡೆಯ ಅಪಧಮನಿಯಲ್ಲಿ ಸಿಕ್ಕಿಕೊಂಡರೆ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ನಮಗೆ ಸಿಗುವ ಕಾಲ ಸುಮಾರು ಆರು ಗಂಟೆ. ಸುರಪುರದ ಹಳ್ಳಿಯಿಂದ ಯಾದಗಿರಿಗೆ, ಯಾದಗಿರಿಯಿಂದ ಕಲಬುರಗಿಗೆ, ಅಲ್ಲಿಂದ ಹೈದರಾಬಾದಿಗೆ ಎಂದು ಚೀಟಿ ಬರೆಯುತ್ತ ಹೋದರೆ ಆ ಆರು ಗಂಟೆ ದಾರಿಯಲ್ಲೇ ಮುಗಿಯುತ್ತದೆ. ನಾಡಿ ಇಲ್ಲವೆಂದು ನಾನು ಸರಿಯಾಗಿಯೇ ಕಂಡುಹಿಡಿಯುತ್ತೇನೆ, ಹೆಪಾರಿನ್ ಕೊಡುತ್ತೇನೆ. ಆಮೇಲೆ ಯಾರಿಗೆ ಫೋನ್ ಮಾಡಲಿ?

ಇದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಥಾಮಸ್ ಫೋಗಾರ್ಟಿ ತನ್ನ ಬಲೂನ್ ಕ್ಯಾಥೆಟರನ್ನು ಪ್ರಕಟಿಸಿದ್ದು 1963ರಲ್ಲಿ. ಹೆಪ್ಪನ್ನು ದಾಟಿಸಿ ಒಳಗೆ ತೂರಿಸಿ, ಬಲೂನ್ ಉಬ್ಬಿಸಿ, ಮೆಲ್ಲಗೆ ಹಿಂದಕ್ಕೆ ಎಳೆದರೆ ಹೆಪ್ಪು ಜೊತೆಗೇ ಬರುತ್ತದೆ. ತೊಡೆಯ ಸಂದಿನಲ್ಲಿ ಅಪಧಮನಿ ತೆರೆಯಲು ಬಲ್ಲ ಸಾಮಾನ್ಯ ಸರ್ಜನ್ ಇದನ್ನು ಕಲಿಯಬಹುದು, ಕಲಿಸುವವರು ಬೇಕು ಅಷ್ಟೆ. ಆದ್ದರಿಂದ ಸೇಡಂನ ಗೆಳೆಯರು ಅಧ್ಯಾಪಕರಾಗಿ ಬಂದರೆ ತಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಮೂರೂ ಜಿಲ್ಲೆಗಳ ನಮ್ಮಂಥ ನಡುವಯಸ್ಸಿನ ಸರ್ಜನ್ನರಿಗೂ ಪಾಠ ಮಾಡಬೇಕು, ರಾತ್ರಿ ಫೋನೂ ಎತ್ತಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳುತ್ತೇನೆ: ಒಬ್ಬರೇ ಬರಬೇಡಿ. ಒಬ್ಬನೇ ಇರುವ ವಿಭಾಗದಲ್ಲಿ ತಂಗಿಯ ಮದುವೆಗೂ ರಜೆ ಸಿಗುವುದಿಲ್ಲ, ಮೊದಲಿನ ಉತ್ಸಾಹ ಇಳಿದ ದಿನ ಮನುಷ್ಯ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಇಬ್ಬರ ಹುದ್ದೆ ಕೇಳಿ.

ಉತ್ತರ: ಡಯಾಲಿಸಿಸ್ ಸಿಸ್ಟರ್, ಬೀದರ್

ವೈದ್ಯರ ನಡುವೆ ಮಾತಾಡುತ್ತಿದ್ದೇನೆ, ಕ್ಷಮೆ ಇರಲಿ. ಎಲ್ಲರೂ ಕಾಲಿನ ಬಗ್ಗೆಯೇ ಬರೆದಿದ್ದೀರಿ, ನಮ್ಮ ರೋಗಿಗಳ ಕೈಯನ್ನು ಯಾರೂ ನೆನೆಯಲಿಲ್ಲ. ಕಿಡ್ನಿ ಕೆಟ್ಟವರಿಗೆ ಮಣಿಕಟ್ಟಿನಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆ 1966ರಿಂದಲೂ ಇದೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಡಯಾಲಿಸಿಸ್‌ಗೆ ಮೊದಲ ಸಲ ಬರುವ ಬಹಳಷ್ಟು ಜನರಿಗೆ ಫಿಸ್ಟುಲಾ ಆಗಿರುವುದೇ ಇಲ್ಲ. ಕುತ್ತಿಗೆಯ ಕೊಳವೆಯಲ್ಲೇ ತಿಂಗಳುಗಟ್ಟಲೆ ನಡೆಸುತ್ತೇವೆ, ಚಳಿಜ್ವರ ಬಂದರೆ ಮೊದಲು ಆ ಕೊಳವೆಯ ಸೋಂಕನ್ನೇ ಅನುಮಾನಿಸುತ್ತೇವೆ. ಫಿಸ್ಟುಲಾ ಮಾಡಿದ ಮೇಲೂ ನಾಳ ಹಿಗ್ಗಿ ಸೂಜಿಗೆ ಸಿದ್ಧವಾಗಲು ಸಾಮಾನ್ಯವಾಗಿ ಆರು ವಾರವಾದರೂ ಬೇಕು, ಆದ್ದರಿಂದ ಅದನ್ನು ಮೊದಲೇ ಯೋಚಿಸಬೇಕು.

ಅಷ್ಟರಲ್ಲಿ ಊರಿನ ದವಾಖಾನೆಗಳಲ್ಲಿ ಸಲೈನ್ ಏರಿಸಿ ಏರಿಸಿ ಎರಡೂ ತೋಳುಗಳ ನರ ಹಾಳಾಗಿರುತ್ತವೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿರುವ, ಅಂದರೆ ಕಿಡ್ನಿ ಕೆಡುತ್ತಿರುವ ರೋಗಿಯ ಎಡಗೈಯನ್ನು, ಅವರು ಎಡಚರಾಗಿದ್ದರೆ ಬಲಗೈಯನ್ನು, ಯಾರೂ ಚುಚ್ಚಬಾರದು, ಬಿಪಿಯನ್ನೂ ಅಲ್ಲಿ ನೋಡಬಾರದು. ಇದನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ಹೇಳಿಕೊಡುವುದಕ್ಕೆ ಎಂಸಿಎಚ್ ಬೇಕಿಲ್ಲ, ಆದರೆ ಎಂಸಿಎಚ್ ಮಾಡಿದವರು ಹೇಳಿದರೆ ಕೇಳುತ್ತಾರೆ. ಸರ್, ತಾವು ಬಂದರೆ ಫಿಸ್ಟುಲಾ ಕೆಲಸವನ್ನು ಸಣ್ಣದೆಂದು ಕಿರಿಯರಿಗೆ ಬಿಟ್ಟುಬಿಡಬೇಡಿ.

ಪ್ರಶ್ನೆ ಕೇಳಿದವರ ಮರುನುಡಿ: ಸೇಡಂ ಕಡೆಯವನು

ಎಲ್ಲರಿಗೂ ಧನ್ಯವಾದಗಳು. ಸಿಸ್ಟರ್, ತಾವು ಹೇಳಿದ ನಂತರ ನಮ್ಮ ವಾರ್ಡಿನ ಕಿಡ್ನಿ ರೋಗಿಗಳ ತೋಳುಗಳನ್ನು ನೋಡಿದೆ, ಮಾತು ನಿಜ. ಮೇಷ್ಟ್ರೇ, ಇನ್ನೊಂದು ಸಂಶಯ ಉಳಿದಿದೆ. ಅಧ್ಯಾಪಕನೆಂದರೆ ಸಂಶೋಧನೆಯೂ ಬೇಕು. ನಮ್ಮಂಥ ಕಡೆ ಕುಳಿತು ಲೋಕ ಓದುವಂಥದ್ದನ್ನು ಬರೆಯಲು ಆಗುತ್ತದೆಯೇ, ಅಥವಾ ಬಡ್ತಿಗಾಗಿ ಎಲ್ಲೋ ಒಂದು ಪೇಪರ್ ಹಾಕಿಸುವುದೇ ಗತಿಯೇ?

ಉತ್ತರ: ಭಾಲ್ಕಿ ಮೂಲದ ಮೇಷ್ಟ್ರು

ಬಡ್ತಿಯ ಪೇಪರುಗಳ ಬಗ್ಗೆ ನಾನು ಏನೂ ಹೇಳದಿರುವುದೇ ಒಳ್ಳೆಯದು. ನಿಜವಾದ ಪ್ರಶ್ನೆಗಳಿಗೆ ಮಾತ್ರ ಬರವಿಲ್ಲ. ಬೈಪಾಸ್ ಮೊದಲೋ ಬಲೂನಿನಿಂದ ನಾಳ ಹಿಗ್ಗಿಸುವುದು ಮೊದಲೋ ಎಂಬ ಹಳೆಯ ಜಗಳವನ್ನೇ ನೋಡು. 2022ರಲ್ಲಿ ಬಂದ ಬೆಸ್ಟ್-ಸಿಎಲ್‌ಐ ಅಧ್ಯಯನವು, ಕಾಲಿನಲ್ಲಿ ಒಳ್ಳೆಯ ಅಭಿಧಮನಿ ಇರುವವರಿಗೆ ಬೈಪಾಸ್ ಮೊದಲು ಮಾಡುವುದೇ ಮೇಲು ಎಂದಿತು. ಮರುವರ್ಷ ಬಂದ ಬಾಸಿಲ್-2, ಮೊಣಕಾಲಿನ ಕೆಳಗಿನ ನಾಳಗಳು ಮುಚ್ಚಿದವರಲ್ಲಿ ಬಲೂನಿನಿಂದ ಆರಂಭಿಸಿದವರೇ ಕಾಲು ಸಮೇತ ಹೆಚ್ಚು ಕಾಲ ಬದುಕಿದರು ಎಂದಿತು. ಮೊದಲನೆಯದರಲ್ಲಿ 1,830 ರೋಗಿಗಳು, ಎರಡನೆಯದರಲ್ಲಿ 345. ಎರಡೂ ಮುಖ್ಯವಾಗಿ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ನಡೆದವು. ಪಾದ ಕೊಳೆತ ಮೇಲೆ ಬಸ್ಸಿನಲ್ಲಿ ಬರುವ ಆಳಂದದ ರೈತನಿಗೆ ಇವುಗಳಲ್ಲಿ ಯಾವುದು ಅನ್ವಯವಾಗುತ್ತದೆ ಎಂಬುದನ್ನು ಅವರು ಹೇಳಲಾರರು. ಬೀಡಿಯಿಂದ ಕೈಕಾಲಿನ ನಾಳಗಳು ಮುಚ್ಚಿಕೊಳ್ಳುವ ಬರ್ಗರ್ ರೋಗದ್ದೂ ಅದೇ ಕಥೆ. ಅಲ್ಲಿ ಜೋಡಿಸಲು ಕೆಳಗೆ ನಾಳವೇ ಉಳಿದಿರುವುದಿಲ್ಲ, ತಂಬಾಕು ಪೂರ್ತಿ ಬಿಟ್ಟರೆ ಮಾತ್ರ ಕಾಲು ಉಳಿಯುವ ಸಂಭವ ಹೆಚ್ಚು. ನಮ್ಮಲ್ಲಿ ಎಷ್ಟು ಜನ ಬಿಡುತ್ತಾರೆ, ಯಾರ ಮಾತಿಗೆ ಬಿಡುತ್ತಾರೆ ಎಂಬುದೇ ಒಂದು ಪ್ರಬಂಧವಾಗುತ್ತದೆ.

ಈಗಲೇ ಮಾಡಬಹುದಾದ ಕೆಲಸವೊಂದಿದೆ. ನಿನ್ನ ವಾರ್ಡಿನಲ್ಲಿ ಕಾಲು ಕತ್ತರಿಸಿಕೊಂಡ ಪ್ರತಿಯೊಬ್ಬರದೂ ಒಂದು ದಾಖಲೆ ಇಡು. ಮೊದಲು ಗಾಯ ಕಂಡದ್ದು ಯಾವಾಗ, ಮೊದಲು ತೋರಿಸಿದ್ದು ಯಾರಿಗೆ, ನಾಡಿಯನ್ನು ಮೊದಲು ಮುಟ್ಟಿ ನೋಡಿ ಕೇಸ್ ಶೀಟಿನಲ್ಲಿ ಬರೆದವರು ಯಾರು, ಡಾಪ್ಲರ್ ಆಗಿತ್ತೇ ಎಂಬಷ್ಟು ಸಾಕು. ಹೆಸರು ಬೇಡ. ಆರಂಭಿಸುವ ಮೊದಲು ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪತ್ರವನ್ನು ಬರವಣಿಗೆಯಲ್ಲಿ ಪಡೆದುಕೋ, ಆಮೇಲೆ ಪಡೆದ ಒಪ್ಪಿಗೆಯನ್ನು ಯಾವ ಪತ್ರಿಕೆಯೂ ಒಪ್ಪುವುದಿಲ್ಲ. ಆ ವಹಿ ಒಂದಿಷ್ಟು ತುಂಬಿದ ಮೇಲೆ ನನಗೆ ಕಳಿಸು, ಹುದ್ದೆ ಕೇಳುವ ಅರ್ಜಿಗೆ ಅದಕ್ಕಿಂತ ಗಟ್ಟಿಯಾದ ಲಗತ್ತು ಇರಲಾರದು.