ಗೊಬ್ಬರದ ಗುಂಡಿಗೆ ಮೊದಲು ಮಾಡು (ಸೂರು) ಹಾಕಿ, ಲೆಕ್ಕ ಆಮೇಲೆ ನೋಡುವ

ಪ್ರಶ್ನೆ (ಕಾರ್ಕಳ ಕಡೆಯ ಕೃಷಿಕರು): ನಮಸ್ಕಾರ ಸರ್. ನಮ್ಮಲ್ಲಿ ಎರಡು ಮಿಶ್ರತಳಿ ದನ, ಒಂದು ಮಲೆನಾಡು ಗಿಡ್ಡ, ಒಂದೂವರೆ ಎಕರೆ ಅಡಿಕೆ ತೋಟ, ಅರ್ಧ ಎಕರೆ ಬೈಲು (ತಗ್ಗಿನ) ಗದ್ದೆ ಇದೆ. ಪಿಯುಸಿ ಓದುವ ಮಗಳು ಮೊನ್ನೆ, "ಅಪ್ಪ, ದನದಿಂದಲೂ ಭೂಮಿ ಬಿಸಿ ಆಗ್ತದಂತೆ" ಎಂದಳು. ಅದೇ ವಾರ ಒಬ್ಬರು ಮನೆಗೆ ಬಂದು, "ಹಟ್ಟಿ (ಕೊಟ್ಟಿಗೆ) ಗೊಬ್ಬರ ಹಾಕಿದ ತೋಟ ಇಂಗಾಲ ಹಿಡಿದಿಡುತ್ತದೆ, ಹಿಡಿದಿಟ್ಟ ಲೆಕ್ಕಕ್ಕೆ ಕಾರ್ಬನ್ ಕ್ರೆಡಿಟ್ ಎಂದು ದುಡ್ಡು ಬರುತ್ತದೆ, ಸಹಿ ಹಾಕಿ" ಎಂದರು. ಒಂದು ಕಡೆ ಪಾಪ, ಇನ್ನೊಂದು ಕಡೆ ಪುಣ್ಯ. ಯಾವುದು ನಿಜ?

ಉತ್ತರ (ಮಣ್ಣು ತಜ್ಞರು): ಇಬ್ಬರೂ ಸುಳ್ಳು ಹೇಳಿಲ್ಲ ಮಾರಾಯ್ರೆ. ಆದರೆ ತಕ್ಕಡಿಗೆ ಹಾಕಿ ನೋಡಬೇಕು.

ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾಗುವಾಗ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಅನಿಲ ಮಾಡುತ್ತವೆ. ಅದು ಹಿಂದಿನಿಂದ ಹೋಗುತ್ತದೆ ಎಂದು ಎಲ್ಲರೂ ನಗುತ್ತಾರೆ, ಹೆಚ್ಚಿನದ್ದು ಹೋಗುವುದು ಬಾಯಿಯಿಂದ, ತೇಗಿನಲ್ಲಿ. ನಮ್ಮ ದೇಶದ ಲೆಕ್ಕದಲ್ಲಿ ಕರೆಯುವ ಮಿಶ್ರತಳಿ ದನ ವರ್ಷಕ್ಕೆ ಸುಮಾರು 43 ಕೆ.ಜಿ., ನಾಡ ದನ ಸುಮಾರು 28 ಕೆ.ಜಿ. ಮೀಥೇನ್ ಬಿಡುತ್ತವೆ. ಗಿಡ್ಡ ಇನ್ನೂ ಚಿಕ್ಕದು, ಅದರ ಪಾಲು ಕಮ್ಮಿಯೇ ಇರುತ್ತದೆ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಹತ್ತು ಹನ್ನೆರಡು ವರ್ಷ, ಆದರೆ 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 27-28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ನಿಮ್ಮ ಮೂರೂ ದನ ಸೇರಿ ವರ್ಷಕ್ಕೆ ಸುಮಾರು 3 ಟನ್ ಡೈಆಕ್ಸೈಡಿಗೆ ಸಮ ಎಂದಾಯಿತು.

ಈಗ ಮಣ್ಣು. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಅಂದಾಜು 800 ಟನ್ ತೂಗುತ್ತದೆ. ಅದರಲ್ಲಿ ಇಂಗಾಲ ಶೇ. 0.1 ಏರಿದರೆ (0.5 ಇದ್ದದ್ದು 0.6 ಆದರೆ) 0.8 ಟನ್ ಇಂಗಾಲ, ಅಂದರೆ ಆಮ್ಲಜನಕದ ತೂಕವೂ ಸೇರಿ 2.9 ಟನ್ ಡೈಆಕ್ಸೈಡ್. ಒಂದೂವರೆ ಎಕರೆಗೆ 4 ಟನ್ನಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಮುರಕಲ್ಲು ಮಣ್ಣಿನಲ್ಲಿ ಕಲ್ಲಿನ ಚೂರನ್ನು ಕಳೆದರೆ ಇನ್ನೂ ಕಮ್ಮಿ. ಆ 0.1 ಏರಲು ಕೆಲವು ವರ್ಷ ಬೇಕು, ಏರಿದ ಮೇಲೆ ಒಂದು ಕಡೆ ನಿಂತುಬಿಡುತ್ತದೆ. ದನ ಮಾತ್ರ ಪ್ರತಿ ವರ್ಷ ತೇಗುತ್ತದೆ. ಅಲ್ವಾ?

ಇನ್ನೊಂದು ಮಾತು ಬಂದವರು ಹೇಳಿರಲಿಕ್ಕಿಲ್ಲ. ಗುಡ್ಡೆಯ ಸೊಪ್ಪು ಕಡಿದು ಹಟ್ಟಿಗೆ ಹಾಕಿ, ಅಲ್ಲಿಂದ ತೋಟಕ್ಕೆ ಹೊತ್ತರೆ, ಅದು ಗುಡ್ಡೆಯ ಇಂಗಾಲ ತೋಟಕ್ಕೆ ಬಂದದ್ದು. ತೋಟಕ್ಕೆ ಒಳ್ಳೆಯದೇ. ಗಾಳಿಯಿಂದ ಹೊಸದಾಗಿ ಇಳಿದದ್ದು ಎಷ್ಟು ಎಂದು ಕೇಳಿದರೆ ಲೆಕ್ಕ ಬೇರೆ.

ಪ್ರಶ್ನೆ (ಅದೇ ಕೃಷಿಕರು): ಹಾಗಾದ್ರೆ ಸಹಿ ಬೇಡವಾ?

ಉತ್ತರ: ಬೇಡ ಎನ್ನುವುದಿಲ್ಲ. ಮೊದಲು ಮೂರು ವಿಷಯ ಕೇಳಿ. ಒಪ್ಪಂದ ಎಷ್ಟು ವರ್ಷ, ಇವತ್ತಿನ ಮಣ್ಣನ್ನು ಯಾರು ಅಳೆಯುತ್ತಾರೆ, ನಡುವೆ ತೋಟ ತೆಗೆದು ಬೇರೆ ಬೆಳೆ ಹಾಕಿದರೆ ನಷ್ಟ ಯಾರ ತಲೆಗೆ. ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ಚಾ ಕೊಟ್ಟು ಕಳಿಸಿ.

ನೀವೇ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಮೇಲಿನ ಒಣ ಎಲೆ ಸರಿಸಿ, ಗೊಬ್ಬರ ಬಿದ್ದ ಜಾಗ ಬಿಟ್ಟು, ಏಳೆಂಟು ಕಡೆಯ ಮಣ್ಣು ಬೆರೆಸಿ ಕೊಡಿ. ಮುಂದೆಯೂ ಅದೇ ತಿಂಗಳು, ಅದೇ ಆಳ. ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಮ್ಮಿ ಇದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯದು. ನಮ್ಮ ಕಡೆಯ ಹಳೆ ತೋಟಗಳು ಎಷ್ಟೋ ಸಲ ಈಗಾಗಲೇ ದಾಟಿರುತ್ತವೆ. ಅಲ್ಲಿ ಮಣ್ಣಿನ ಹುಳಿಯೇ (ಆಮ್ಲತೆ) ದೊಡ್ಡ ತೊಂದರೆ.

ಪ್ರಶ್ನೆ (ಶಂಕರಪುರ ಕಡೆಯ ಮಲ್ಲಿಗೆ ಕೃಷಿಕರು): ನಾವು ಸುಡುಮಣ್ಣು, ಅಂದ್ರೆ ತರಗೆಲೆ ಜೊತೆ ಸುಟ್ಟ ಮಣ್ಣು, ಹಾಕ್ತೇವೆ ಸರ್. ಅದೂ ತಪ್ಪಾ?

ಉತ್ತರ: ಅಕ್ಕ, ಸುಟ್ಟಾಗ ತರಗೆಲೆಯ ಇಂಗಾಲ ಹೆಚ್ಚಿನದ್ದು ಹೊಗೆಯಾಗಿ ಹೋಗುತ್ತದೆ. ಸ್ವಲ್ಪ ಇದ್ದಿಲಾಗಿ ಉಳಿಯುತ್ತದೆ, ಅದು ಬಹಳ ಕಾಲ ಮಣ್ಣಲ್ಲಿರುತ್ತದೆ. ಬೂದಿ ಮಣ್ಣಿನ ಹುಳಿ ಇಳಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಹಿರಿಯರು ಸುಮ್ನೆ ಮಾಡಿದ್ದಲ್ಲ. ನಾಲ್ಕು ಗಿಡದ ಬುಡಕ್ಕೆ ಬೇಕಾದಷ್ಟು ಮಾಡಿಕೊಳ್ಳಿ, ಉಳಿದ ಎಲೆ ಹೊದಿಕೆಯಾಗಲಿ. ಅಡಿಕೆ ತೋಟದವರು ಸೋಗೆ, ಹಾಳೆ ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ಪ್ರಶ್ನೆ (ಬ್ರಹ್ಮಾವರ ಕಡೆಯವರು): ಗದ್ದೆಯಿಂದಲೂ ಮೀಥೇನ್ ಬರ್ತದಂತೆ. ನಡುನಡುವೆ ನೀರು ಆರಿಸಿ ಎಂದು ಎಲ್ಲೋ ಓದಿದೆ. ಆಷಾಢದ ಮಳೆಗೆ ಬೈಲು ಗದ್ದೆಯಲ್ಲಿ ನೀರು ಆರಿಸುವುದು ಹೇಗೆ?

ಉತ್ತರ: ಆಗುವುದಿಲ್ಲ. ಅದನ್ನು ಬರೆದವರು ನಮ್ಮ ಜುಲೈ ನೋಡಿಲ್ಲ. ಎತ್ತರದ ಬೆಟ್ಟು ಗದ್ದೆಯಲ್ಲಿ ನೀರು ತಾನೇ ಇಳಿಯುತ್ತದೆ. ನಡುಮಟ್ಟದ ಮಜಲು ಗದ್ದೆಯಲ್ಲಿ ಕಟ್ಟಹುಣಿ (ಬದು) ಕಡಿದು ನೀರನ್ನು ಸ್ವಲ್ಪ ಬಿಡಬಹುದು. ಬೈಲಿನಲ್ಲಿ ಮಳೆಗಾಲದ ನಂತರದ ಸುಗ್ಗಿ, ಕೊಳಕೆ (ಎರಡನೇ, ಮೂರನೇ) ಬೆಳೆಗೆ ಮಾತ್ರ ಪ್ರಯತ್ನಿಸಿ. ಮಳೆಗಾಲದ ಬೈಲಿಗೆ ಒಂದೇ ಮಾತು: ಹಸಿ ಸೊಪ್ಪು ಹಾಕಬೇಡಿ, ಚೆನ್ನಾಗಿ ಕೊಳೆತ ಗೊಬ್ಬರ ಹಾಕಿ. ನಿಂತ ನೀರಿನಡಿ ಹಸಿ ಸೊಪ್ಪು ಕೊಳೆತರೆ ಮೀಥೇನ್ ಜಾಸ್ತಿ.

ಯೂರಿಯಾ ಬಗ್ಗೆಯೂ ಹೇಳಿಬಿಡುತ್ತೇನೆ. 45 ಕೆ.ಜಿ. ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ, ಭೂಮಿ ಬಿಸಿ ಮಾಡುವ ಇನ್ನೊಂದು ಅನಿಲ ಆಗಿ ಹೋದರೂ ಅದರ ಬಿಸಿ ಸುಮಾರು 90 ಕೆ.ಜಿ. ಡೈಆಕ್ಸೈಡಿಗೆ ಸಮ. ಜೋರು ಮಳೆಯ ಹಿಂದಿನ ದಿನ ಎರಚಿದರೆ ಪೈರಿಗೂ ಇಲ್ಲ, ದುಡ್ಡೂ ಇಲ್ಲ.

ಪ್ರಶ್ನೆ (ಕಾರ್ಕಳದವರು, ಮರುದಿನ): ಸರ್, ನಮ್ಮ ಗೊಬ್ಬರದ ಗುಂಡಿ ನೋಡಿದೆ. ಮೇಲೆ ಮಾಡು ಇಲ್ಲ. ಮಳೆ ನೀರು ತುಂಬಿ ಕಪ್ಪು ಕಷಾಯದ ಹಾಗಿದೆ, ಕೋಲು ಹಾಕಿದರೆ ಗುಳುಗುಳು ಗುಳ್ಳೆ.

ಉತ್ತರ: ಆ ಗುಳ್ಳೆಯಲ್ಲೇ ಮೀಥೇನ್ ಇರುವುದು! ಮಗಳಿಗೂ ತೋರಿಸಿ. ದನದ ತೇಗು ನಿಲ್ಲಿಸಲು ನಮ್ಮಿಂದ ಆಗದು, ಇದನ್ನು ಈ ವಾರವೇ ಕಮ್ಮಿ ಮಾಡಬಹುದು. ಗುಂಡಿಯ ಮೇಲೆ ಸೋಗೆಯ ಮಾಡಾದರೂ ಸರಿ, ಹಳೆ ಶೀಟಾದರೂ ಸರಿ. ಸುತ್ತ ಸಣ್ಣ ಕಣಿ ತೋಡಿ ಹೊರಗಿನ ನೀರು ಒಳಗೆ ಬಾರದ ಹಾಗೆ ಮಾಡಿ. ಸಗಣಿಯ ನಡುವೆ ಒಣ ತರಗೆಲೆ ಹಾಕಿ, ಗಾಳಿ ಆಡಲಿ.

ಗೋಬರ್ ಗ್ಯಾಸ್ ಮಾಡುವುದಾದರೆ, 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ಮೂರು ದನಕ್ಕೆ ಒಂದು ಘನ ಮೀಟರಿನದೇ ಸಾಕು. ಉರಿಸಿದರೆ ಮೀಥೇನ್ ಮುಗಿಯಿತು, ಪೈಪು ಸೋರಿದರೆ ಮಾಡಿದ್ದೆಲ್ಲ ವ್ಯರ್ಥ.

ಪ್ರಶ್ನೆ (ಅದೇ ಕೃಷಿಕರು): ಗುಂಡಿಯಲ್ಲಿರುವ ಕಪ್ಪು ನೀರು ಏನು ಮಾಡಲಿ?

ಉತ್ತರ: ತೋಡಿಗೆ (ಹಳ್ಳಕ್ಕೆ) ಬಿಡಬೇಡಿ, ಬಾವಿಯ ಹತ್ತಿರವೂ ಬೇಡ. ಮಳೆ ಬಿಟ್ಟ ದಿನ ನಾಲ್ಕು ಪಾಲು ನೀರು ಬೆರೆಸಿ ಬಾಳೆಯ ಬುಡಕ್ಕೆ ಹಾಕಿ.