ಹಿನ್ನೀರಿನ ಹೆಬ್ಬಾತುಗಳ ಚಿತ್ರ ಮಸುಕಾಗುತ್ತಿದೆ: ಇದು ಲೆನ್ಸ್‌ನ ದೋಷವೇ?

ಮುನಿರಾಬಾದ್ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಲ್ಲಿ ನೌಕರಿಯಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ಹಕ್ಕಿಗಳ ಚಿತ್ರ ತೆಗೆಯುತ್ತೇನೆ. ಈ ಚಳಿಗಾಲದಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಬಂದಿರುವ ಪಟ್ಟೆತಲೆ ಹೆಬ್ಬಾತುಗಳ ಬೆನ್ನು ಹತ್ತಿದ್ದೇನೆ. ಬಳಸುವುದು 150–600 ಮಿ.ಮೀ. ಝೂಮ್ ಲೆನ್ಸ್, ಶಟರ್ ವೇಗವನ್ನು ಸೆಕೆಂಡಿನ 1/2000ಕ್ಕಿಂತ ಕಡಿಮೆ ಇಡುವುದಿಲ್ಲ. ಆದರೂ ಬೆಳಿಗ್ಗೆ ಒಂಬತ್ತೂವರೆ, ಹತ್ತು ಗಂಟೆಯ ಹೊತ್ತಿಗೆ ತೆಗೆದ ಚಿತ್ರಗಳಲ್ಲಿ ಹಕ್ಕಿಯ ತಲೆಯ ಎರಡು ಕಪ್ಪು ಪಟ್ಟೆಗಳು ಒದ್ದೆ ಕಾಗದದ ಮೇಲೆ ಹರಡಿದ ಮಸಿಯಂತೆ ಕಾಣುತ್ತವೆ, ಕಣ್ಣು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಅದೇ ಲೆನ್ಸ್‌ನಿಂದ ಮನೆಯ ಕಾಂಪೌಂಡಿನ ಮೇಲೆ ಕೂರುವ ಗುಬ್ಬಿಯನ್ನು ತೆಗೆದರೆ ಗರಿಯ ಎಳೆ ಎಳೆಯೂ ಕಾಣುತ್ತದೆ. ಅಂಗಡಿಯವರು ಲೆನ್ಸನ್ನು ಬೆಂಗಳೂರಿಗೆ ಕಳುಹಿಸಿ ಕ್ಯಾಲಿಬ್ರೇಷನ್ (ಫೋಕಸ್‌ನ ಹೊಂದಾಣಿಕೆ) ಮಾಡಿಸಬೇಕು ಎನ್ನುತ್ತಾರೆ. ಅದರ ಖರ್ಚು ಸಣ್ಣದಲ್ಲ. ಕಳುಹಿಸುವುದೇ ಸರಿಯೇ? ಇನ್ನೊಂದು ಮಾತು: ಹತ್ತಿರ ಹೋಗೋಣವೆಂದರೆ ಇಡೀ ಹಿಂಡು ಎದ್ದುಬಿಡುತ್ತದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬಳ್ಳಾರಿ ಬಿಸಿಲು

ಸರ್, ಸದ್ಯಕ್ಕೆ ಲೆನ್ಸನ್ನು ಎಲ್ಲಿಗೂ ಕಳುಹಿಸಬೇಡಿ. ಗುಬ್ಬಿಯ ಚಿತ್ರ ಸ್ಪಷ್ಟವಾಗಿ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ; ಉತ್ತರದ ಅರ್ಧ ಭಾಗ ಅದರಲ್ಲೇ ಇದೆ. ನೀರು ಇಳಿದ ಹಿನ್ನೀರಿನ ಅಂಚಿನ ಕರಿ ಎರೆಮಣ್ಣು ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲೇ ಕಾಯುತ್ತದೆ, ಪಕ್ಕದ ನೀರು ಮಾತ್ರ ತಣ್ಣಗೇ ಇರುತ್ತದೆ. ನೆಲಕ್ಕೆ ಅಂಟಿದ ಬಿಸಿ ಗಾಳಿ ಮೇಲೇಳುತ್ತ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ, ಅದರ ಮೂಲಕ ಹಾದುಬರುವ ಬೆಳಕು ಕ್ಷಣಕ್ಷಣಕ್ಕೂ ಬೇರೆ ಬೇರೆ ಕಡೆಗೆ ಬಾಗುತ್ತದೆ. ನಾವು ಝಳ ಎನ್ನುವುದು ಇದನ್ನೇ. ಇನ್ನೂರು ಮೀಟರ್ ಆಚೆಯ ಹಕ್ಕಿಗೂ ನಿಮಗೂ ನಡುವೆ ಇನ್ನೂರು ಮೀಟರ್ ಉದ್ದದ ಝಳ ನಿಂತಿರುವಾಗ ಎಷ್ಟು ಲಕ್ಷದ ಲೆನ್ಸ್ ಇದ್ದರೂ ಅದನ್ನು ದಾಟಲಾರದು; ಉದ್ದದ ಲೆನ್ಸ್ ಹಕ್ಕಿಯನ್ನು ದೊಡ್ಡದು ಮಾಡುವಷ್ಟೇ ಈ ಕದಡನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಚಳಿಗಾಲದಲ್ಲಿ ಝಳವಿರುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ, ಆದರೆ ನೆಲಕ್ಕೂ ಗಾಳಿಗೂ ಇರುವ ಶಾಖದ ಅಂತರ ಚಳಿಯ ಮುಂಜಾನೆಯ ನಂತರವೇ ಹೆಚ್ಚಾಗಿರುತ್ತದೆ.

ಖಾತ್ರಿ ಮಾಡಿಕೊಳ್ಳಲು ಮಸುಕಾದ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಹಕ್ಕಿಯ ಮುಂದಿನ ಮತ್ತು ಹಿಂದಿನ ಹುಲ್ಲನ್ನು ನೋಡಿ. ಲೆನ್ಸ್‌ನ ಫೋಕಸ್ ತಪ್ಪುತ್ತಿದ್ದರೆ ಒಂದು ಕಡೆಯ ಹುಲ್ಲಾದರೂ ಚೂಪಾಗಿ ಕಾಣಲೇಬೇಕು. ಎಲ್ಲಿಯೂ ಚೂಪಿಲ್ಲದೆ, ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಹಕ್ಕಿಯ ಕೊರಳಿನ ಅಂಚು ಬೇರೆ ಬೇರೆ ರೀತಿ ಅಂಕುಡೊಂಕಾಗಿದ್ದರೆ ಅದು ಗಾಳಿಯದೇ ಕೆಲಸ. ಹಾಗೆಯೇ, ಆಗತಾನೇ ಓಡಿಸಿಕೊಂಡು ಬಂದ ಬೈಕಿನ ಸೀಟಿನ ಮೇಲೆ ಲೆನ್ಸ್ ಊರುವ ರೂಢಿಯಿದ್ದರೆ ಬಿಡಿ. ಎಂಜಿನ್ನಿನ ಶಾಖ ಲೆನ್ಸ್‌ನ ಬಾಯಿಗೇ ಬಂದು ತಟ್ಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿಂದ ತೆಗೆದ ಲೆನ್ಸನ್ನೂ ಕೂಡಲೇ ಬಳಸದೆ, ಹೊರಗಿನ ಗಾಳಿಗೆ ಹೊಂದಿಕೊಳ್ಳುವವರೆಗೆ ನೆರಳಿನಲ್ಲಿಡುವುದು ಒಳ್ಳೆಯದು.

ಎರೆಹೊಲದ ಹಾದಿ

ಮೇಲಿನವರ ಮಾತು ಸರಿಯಾಗಿದೆ. ಎರಡನೆಯ ಪ್ರಶ್ನೆಗೆ ನನ್ನ ಉತ್ತರವೇನೆಂದರೆ, ಹೆಬ್ಬಾತುಗಳ ಹತ್ತಿರ ಹೋಗುವ ಯೋಚನೆಯನ್ನೇ ಬಿಟ್ಟು, ಅವು ಬರುವ ಜಾಗದಲ್ಲಿ ಮೊದಲೇ ಹೋಗಿ ಕೂರಬೇಕು. ಇವು ಸಂಜೆ ಮತ್ತು ಇರುಳಿನಲ್ಲಿ ಹೊಲಗಳಲ್ಲಿ ಮೇಯ್ದು, ಬೆಳಕು ಹರಿದ ಮೇಲೆ ನೀರಂಚಿಗೆ ಮರಳುತ್ತವೆ. ಚಳಿಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಗಾಳಿ ಬೀಸುತ್ತದೆ, ದೊಡ್ಡ ಹಕ್ಕಿಗಳು ಗಾಳಿಗೆ ಎದೆಯೊಡ್ಡಿಯೇ ಇಳಿಯುತ್ತವೆ. ಆದ್ದರಿಂದ ಅವು ಇಳಿಯುವ ಜಾಗದ ಮೂಡಣ ದಿಕ್ಕಿನಲ್ಲಿ ನೀವು ಕೂತರೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹಕ್ಕಿಗಳು ರೆಕ್ಕೆ ಬಿಚ್ಚಿ ನಿಮ್ಮ ಕಡೆಗೇ ಮುಖ ಮಾಡಿ ಇಳಿಯುತ್ತವೆ, ಝಳ ಏಳುವ ಮೊದಲೇ ಕೆಲಸವೂ ಮುಗಿದಿರುತ್ತದೆ. ಪಡುವಣದ ದಂಡೆಯಲ್ಲಿ ಕೂತವರಿಗೆ ಸಿಗುವುದು ಬಾಲ ಮತ್ತು ಎದುರು ಬಿಸಿಲು ಮಾತ್ರ.

ಎತ್ತಿನ ಬಂಡಿ ಅಥವಾ ಟ್ರ್ಯಾಕ್ಟರ್ ಪಕ್ಕದಲ್ಲೇ ಹಾದುಹೋದರೂ ಈ ಹಕ್ಕಿಗಳು ಅಷ್ಟಾಗಿ ಲಕ್ಷ್ಯ ಕೊಡುವುದಿಲ್ಲ. ನೆಟ್ಟಗೆ ನಡೆದುಬರುವ ಮನುಷ್ಯನನ್ನು ಕಂಡರೆ ಮಾತ್ರ ಹಿಂಡಿನ ಅಂಚಿನವು ಮೊದಲು ಕೊರಳು ನಿಮಿರಿಸುತ್ತವೆ. ಆ ಕೊರಳು ನಿಮಿರಿದ ಕೂಡಲೇ ನಿಂತಲ್ಲೇ ಕುಳಿತುಬಿಡಬೇಕು, ಮೇಯಲು ತಲೆ ತಗ್ಗಿಸುವವರೆಗೆ ಅಲುಗಾಡಬಾರದು. ಟ್ರೈಪಾಡ್ ಬದಲು ಗೋಣಿಚೀಲದ ತುಂಡಿಗೆ ಜೋಳ ತುಂಬಿ ಹೊಲಿದು ನೆಲದ ಮೇಲಿಟ್ಟರೆ ಸಾಕು, ನೀವೂ ತಗ್ಗಿರುತ್ತೀರಿ. ಕಡಲೆ ಹೊಲದ ಬದುವಿನಲ್ಲಿ ಕೂರುವುದಾದರೆ ರೈತರನ್ನು ಕೇಳಿಯೇ ಕೂರಬೇಕು. ಹೆಬ್ಬಾತುಗಳು ಮೇಯ್ದು ಮಾಡಿದ ನಷ್ಟದ ಮೇಲೆ ನಮ್ಮ ಕಾಲ್ತುಳಿತವೂ ಸೇರಬಾರದು. ಮುಂಜಾನೆ ಕಡಲೆ ಎಲೆಯ ಮೇಲಿನ ಇಬ್ಬನಿಯಲ್ಲಿ ಹುಳಿ ಇರುತ್ತದೆ. ಹಳ್ಳಿಗಳಲ್ಲಿ ಬಿಳಿ ಬಟ್ಟೆ ಹಾಸಿ, ಹಿಂಡಿ ಸಂಗ್ರಹಿಸುವ ಆ ಹುಳಿ ಹೊಟ್ಟೆನೋವಿಗೆ ಮದ್ದಾದರೂ ಲೆನ್ಸ್‌ನ ಗಾಜಿಗೆ ಒಳ್ಳೆಯದಲ್ಲ. ಪ್ಯಾಂಟಿಗೆ ತಾಕಿದ ಕೈಯಲ್ಲೇ ಗಾಜು ಒರೆಸಬೇಡಿ.

ಅಂಕಸಮುದ್ರ ನೋಡಿದವ

ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಟಿಬೆಟ್, ಮಂಗೋಲಿಯದ ಕಡೆ ಹೊರಟುಬಿಡುತ್ತವೆ. ಆಮೇಲೆ ಕ್ಯಾಮೆರಾಗಳೆಲ್ಲ ಗೂಡುಗಳ ಕಡೆ ತಿರುಗುತ್ತವೆ. ಆದ್ದರಿಂದ ಈಗಲೇ ಒಂದು ಮಾತು. ನೀರು ಇಳಿದಂತೆಲ್ಲ ಹಿನ್ನೀರಿನ ನಡುಗಡ್ಡೆಗಳಲ್ಲಿ ರೀವಗಳೂ (ಟರ್ನ್ ಹಕ್ಕಿಗಳು) ಟಿಟ್ಟಿಭಗಳೂ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ನೆರಳಿಗಾಗಿಯೂ ಹೌದು. ಚಿತ್ರಕ್ಕಾಗಿ ಅದನ್ನು ಎಬ್ಬಿಸಿ ಹತ್ತು ನಿಮಿಷ ನಿಂತರೆ ಮೊಟ್ಟೆ ಕೆಡುತ್ತದೆ ಅಥವಾ ಕಾಗೆಯ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಗೂಡು ಕಟ್ಟುವ ಹಕ್ಕಿಗಳನ್ನೇ ತೆಗೆಯಬೇಕೆಂದಿದ್ದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಬಹುದು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಆ ಕೆರೆಗೆ 2024ರಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ ಮಾನ್ಯತೆ ದೊರೆತಿದೆ. ಅಲ್ಲಿ ನೀರಿನ ನಡುವಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದರಿಂದ ದಂಡೆಯ ಮೇಲೆ ನಿಂತೇ, ಯಾವ ಹಕ್ಕಿಯನ್ನೂ ಎಬ್ಬಿಸದೆ ಚಿತ್ರ ತೆಗೆಯಬಹುದು.

ಇನ್ನು, ಮಸುಕಾದ ಚಿತ್ರಗಳನ್ನು ಅಳಿಸುವ ಮುನ್ನ ಪ್ರತಿ ಹೆಬ್ಬಾತಿನ ಕೊರಳನ್ನೂ ಒಮ್ಮೆ ನೋಡಿ. ಮಂಗೋಲಿಯದಲ್ಲಿ ಸಂಕೇತಾಕ್ಷರದ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ; ಅಕ್ಷರ ಓದಲು ಬರುವಂತಿದ್ದರೆ ಚಿತ್ರ ಚಂದವಿಲ್ಲದಿದ್ದರೂ ಬೆಲೆಯುಳ್ಳದ್ದೇ.

ಮುನಿರಾಬಾದ್ ದಂಡೆ

ಎಲ್ಲರಿಗೂ ಧನ್ಯವಾದಗಳು. ಹಳೆಯ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ; ಹುಲ್ಲು ಎಲ್ಲಿಯೂ ಚೂಪಾಗಿಲ್ಲ, ಕೊರಳು ಒಂದೊಂದರಲ್ಲಿ ಒಂದೊಂದು ಆಕಾರದಲ್ಲಿದೆ. ಲೆನ್ಸ್ ಕಳುಹಿಸುವುದನ್ನು ಕೈಬಿಟ್ಟಿದ್ದೇನೆ. ಆದರೆ ಏಳು ಗಂಟೆಗೆ ತೆಗೆದ ಸ್ಪಷ್ಟ ಚಿತ್ರಗಳಲ್ಲೂ ತಲೆಯ ಬಿಳಿ ಭಾಗ ಬರಿ ಸುಣ್ಣದಂತಾಗಿದೆ. ಏನು ಮಾಡಬೇಕು?

ಬಳ್ಳಾರಿ ಬಿಸಿಲು

ಹಿನ್ನೆಲೆಯಲ್ಲಿ ಕರಿಮಣ್ಣು ತುಂಬಿರುವಾಗ ಕ್ಯಾಮೆರಾ ಅದನ್ನೇ ಅಳೆದು ಇಡೀ ಚಿತ್ರವನ್ನು ಬೆಳಗಿಸುತ್ತದೆ, ಅದರಲ್ಲಿ ಬಿಳಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಹಿಂಡು ಮೇಲೆದ್ದು ಹಿನ್ನೆಲೆಗೆ ಆಕಾಶ ಬಂದ ಕೂಡಲೇ ಇದು ತಿರುಗುಮುರುಗಾಗುತ್ತದೆ. ಆಗ ಒಂದು ಸ್ಟಾಪ್ ಏರಿಸಬೇಕು.