ಕಾರಿನ ಕಿಟಕಿ ಬೀಡಿಂಗ್ ಮೇಲೆ ಪಾಚಿ, ಒಳಗೆ ಬೂಷ್ಟು: ರಬ್ಬರ್ ಹಾಳಾಗದ ಹಾಗೆ ತೆಗೆಯೋದು ಹೇಗೆ?

ಮರದಡಿ_ಗಾಡಿ:
ನಮ್ಮ ಹಳೇ ಹ್ಯಾಚ್‌ಬ್ಯಾಕ್ ಮಳೆಗಾಲ ಪೂರ್ತಿ ಮರದ ಕೆಳಗೇ ನಿಂತಿತ್ತು. ಈಗ ನೋಡಿದರೆ ಎಡಗಡೆ ಹಿಂದಿನ ಬಾಗಿಲಲ್ಲಿ, ಗ್ಲಾಸಿಗೆ ಒತ್ತಿಕೊಂಡಿರೋ ರಬ್ಬರ್ ಪಟ್ಟಿ ಇರುತ್ತಲ್ಲ, ಅದರ ಉದ್ದಕ್ಕೂ ಹಸಿರು. ಮೂಲೆಯಲ್ಲಂತೂ ಪಾಚಿ ಮೆತ್ತಗೆ ಗುಪ್ಪೆ ಕಟ್ಟಿದೆ, ಬೆರಳಿಟ್ಟು ಒತ್ತಿದರೆ ನೀರು ಜಿನುಗುತ್ತೆ. ಬಾಗಿಲು ತೆಗೆದರೆ ಚೌಕಟ್ಟಿನ ಸುತ್ತ ಇರೋ ದಪ್ಪ ಬೀಡಿಂಗ್ ಮೇಲೆ ಕಪ್ಪು ಚುಕ್ಕಿ ಚುಕ್ಕಿಯಾಗಿ ಬೂಷ್ಟು. ಒಳಗೆ ಮುಗ್ಗಲು ವಾಸನೆ ಬೇರೆ.

ಮನೆಯವರು "ಬೀಡಿಂಗೇ ಬದಲಾಯಿಸಿಬಿಡೋಣ" ಅಂತಾರೆ. ರಬ್ಬರ್ ಎಲ್ಲೂ ಬಿರುಕು ಬಿಟ್ಟಿಲ್ಲ, ಗಟ್ಟಿಯೂ ಆಗಿಲ್ಲ, ಹಾಗಾಗಿ ನನಗೆ ಮನಸ್ಸಿಲ್ಲ. ಏನು ಹಾಕಿ ತೊಳೆಯಬೇಕು? ಗ್ಲಾಸ್ ಇಳಿಸಿಕೊಂಡು ಉಜ್ಜಬಹುದಾ?

ಟಾಪ್‌ಗೇರ್_ತಮ್ಮ:
ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಮೇಡಂ. ಬಾತ್‌ರೂಮಿಗೆ ಹಾಕೋ ಬ್ಲೀಚ್ ಸುರೀರಿ, ಮೇಲೆ ಸ್ವಲ್ಪ ವಿನಿಗರ್ ಹಾಕಿ. ಒಂದರ ಜೊತೆ ಇನ್ನೊಂದು ಸೇರಿದ್ರೆ ಪಾಚಿ ಹೆಸರಿಲ್ಲದಂಗೆ ಹೋಗುತ್ತೆ.

ಬಕೆಟ್_ಬ್ರಷ್:
ತಮ್ಮಾ, ಅದನ್ನ ಮಾತ್ರ ಯಾರೂ ಮಾಡಬೇಡಿ. ಬ್ಲೀಚಿಗೆ ವಿನಿಗರ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಕಾರಿನೊಳಗೆ ತಲೆ ಹಾಕಿಕೊಂಡು ಉಜ್ಜೋ ಕೆಲಸ ಇದು, ಪಾಚಿಗಿಂತ ಮುಂಚೆ ಉಜ್ಜೋರೇ ಹೋಗ್ತಾರೆ. ಬ್ಲೀಚ್ ಒಂದನ್ನೇ ಹಾಕಿದರೂ ರಬ್ಬರಿನ ಬಣ್ಣ, ಪಕ್ಕದ ಸೀಟ್ ಬಟ್ಟೆಯ ಬಣ್ಣ ಎರಡಕ್ಕೂ ಒಳ್ಳೇದಲ್ಲ.

ಮೇಡಂ, ಕಾರು ತೊಳೆಯೋದೇ ನನ್ನ ಕಸುಬು, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ. ಬೀಡಿಂಗ್ ಬದಲಾಯಿಸೋದು ಬೇಡ. ಪಾಚಿ ರಬ್ಬರ್ ತಿಂದು ಬೆಳೆಯಲ್ಲ. ಪಟ್ಟಿಗೂ ಗ್ಲಾಸಿಗೂ ನಡುವೆ ಧೂಳು, ಎಲೆಪುಡಿ, ಹೂವಿನ ಪರಾಗ ಸೇರಿ ಮಣ್ಣಾಗಿರುತ್ತಲ್ಲ, ಅದು ಕೂತಿರೋದು ಆ ಮಣ್ಣಿನ ಮೇಲೆ. ಹೊಸ ಬೀಡಿಂಗ್ ಹಾಕಿಸಿ ಮತ್ತೆ ಅಲ್ಲೇ ನಿಲ್ಲಿಸಿದರೆ ಅದಕ್ಕೂ ಇದೇ ಗತಿ.

ಗ್ಲಾಸ್ ಈಗಲೇ ಇಳಿಸಬೇಡಿ, ಇದು ಮುಖ್ಯ. ಪಾಚಿಯ ಅಡಿಯಲ್ಲಿ ಸಣ್ಣ ಮರಳಿರುತ್ತೆ. ಗ್ಲಾಸ್ ಇಳಿದು ಹತ್ತುವಾಗ ಆ ಮರಳು ರಬ್ಬರಿಗೂ ಗ್ಲಾಸಿಗೂ ನಡುವೆ ಸಿಕ್ಕಿ ಉದ್ದುದ್ದ ಗೀರು ಬೀಳುತ್ತೆ. ಬೆಳಿಗ್ಗೆ ಬಿಸಿಲಿಗೆ ಎದುರಾದಾಗ ಕಾಣೋ ಆ ಗೀರು ಆಮೇಲೆ ಯಾವ ಪಾಲಿಶಿಗೂ ಸುಲಭಕ್ಕೆ ಬಗ್ಗಲ್ಲ. ಅರ್ಧ ಪಾಚಿ ಬಾಗಿಲೊಳಗೆ ಬೀಳೋದು ಇನ್ನೊಂದು ರಗಳೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಗುಪ್ಪೆಯನ್ನ ಚೆನ್ನಾಗಿ ನೆನೆಸಿ. ಐಸ್‌ಕ್ರೀಂ ಕಡ್ಡಿ ಅಥವಾ ಹಳೇ ಎಟಿಎಂ ಕಾರ್ಡಿನ ಮೂಲೆಯನ್ನ ಅದರ ಅಡಿಗೆ ತೂರಿಸಿ, ಮೆಲ್ಲಗೆ ಎಬ್ಬಿಸಿ. ಪಾಚಿಗೆ ಗಿಡದ ಹಾಗೆ ಆಳಕ್ಕಿಳಿಯೋ ಬೇರಿಲ್ಲ, ಕೂದಲೆಳೆಯಂಥ ತಂತುಗಳಿಂದ ಮಣ್ಣು ಹಿಡ್ಕೊಂಡಿರುತ್ತೆ ಅಷ್ಟೇ. ಒದ್ದೆ ಇದ್ದಾಗ ದೋಸೆ ಮಗುಚಿದಂಗೆ ಇಡೀ ತುಂಡೇ ಎದ್ದು ಬರುತ್ತೆ, ಒಣಗಿದ್ದರೆ ಪುಡಿಪುಡಿ. ಕೆಳಗೆ ಬಟ್ಟೆ ಹಿಡಿದು ಅದರಲ್ಲೇ ಬೀಳಿಸಿಕೊಳ್ಳಿ. ಚಾಕು, ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ, ಪಟ್ಟಿಯ ತೆಳ್ಳನೆ ತುಟಿ ಒಂದು ಕಡೆ ಸೀಳಿದರೆ ನೀರಿಗೆ ಅದೇ ದಾರಿ.

ಆಮೇಲೆ ಉಗುರುಬೆಚ್ಚಗಿನ ನೀರು, ಕಾರ್ ಶಾಂಪೂ, ಮೆತ್ತನೆ ಹಲ್ಲುಜ್ಜೋ ಬ್ರಷ್. ಪಟ್ಟಿಯ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಶೇಕಡಾ 90 ಕೆಲಸ ಇಲ್ಲೇ ಮುಗಿಯುತ್ತೆ. ಉಳಿದ ಹಸಿರಿಗೆ ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಧಾರಾಳ ನೀರಲ್ಲಿ ತೊಳೀರಿ. ಕ್ರೋಮ್ ಪಟ್ಟಿ ಇದ್ದರೆ ಅದರ ಮೇಲೆ ನಿಲ್ಲೋಕೆ ಬಿಡಬೇಡಿ. ಕೆಲವರು ವಿನಿಗರ್ ಜೊತೆಗೇ ಅಡುಗೆ ಸೋಡಾ ಹಾಕ್ತಾರೆ. ಬುಸ್ಸಂತ ನೊರೆ ಬರುತ್ತೆ, ನೋಡೋಕೆ ಚೆಂದ. ಆದರೆ ಹುಳಿಯನ್ನ ಸೋಡಾ ಕೊಂದುಹಾಕಿರುತ್ತೆ, ನೀವು ಉಜ್ಜೋದು ಹೆಚ್ಚುಕಮ್ಮಿ ಬರೀ ಉಪ್ಪುನೀರಲ್ಲಿ.

ಇಷ್ಟಾದ ಮೇಲೆ ಗ್ಲಾಸ್ ಎರಡು ಬೆರಳಷ್ಟು ಇಳಿಸಿ, ಮೇಲಂಚು ಒರೆಸಿ, ಇನ್ನಷ್ಟು ಇಳಿಸಿ, ಮತ್ತೆ ಒರೆಸಿ. ಗ್ಲಾಸ್ ಓಡೋ ಚಾನೆಲ್ ಒಳಗೆ ಮಖಮಲ್ ಥರ ಸಣ್ಣ ರೋಮ ಇರುತ್ತೆ, ಅದನ್ನ ನೆನೆಸಿ ತಿಕ್ಕಬೇಡಿ. ಒಣ ಬ್ರಷ್ ಆಡಿಸಿ ವ್ಯಾಕ್ಯೂಮ್ ಹಿಡಿದರೆ ಸಾಕು.

ನಿಧಾನವೇ_ಪ್ರಧಾನ:
ಇಷ್ಟೆಲ್ಲ ಯಾಕೆ, ಪ್ರೆಶರ್ ವಾಷರ್ ಹಿಡಿದರೆ ಒಂದೇ ಏಟಿಗೆ ಹಾರಿಹೋಗಲ್ವಾ ಸರ್? ಮತ್ತೆ ಒಳಗಿನ ಬೂಷ್ಟಿಗೂ ವಿನಿಗರೇನಾ?

ಬಕೆಟ್_ಬ್ರಷ್:
ಹಾರಿಹೋಗುತ್ತೆ, ಆದರೆ ಹೊರಗಲ್ಲ, ಬಾಗಿಲೊಳಗೆ. ಕಾರಿನ ಬಾಡಿ ಮೇಲೆ ಹಿಡೀರಿ, ಬೀಡಿಂಗ್ ಮೇಲೆ ಬೇಡ.

ಒಳಗಿನ ಬೂಷ್ಟಿನ ಕ್ರಮ ಬೇರೆ. ಒಣಗಿದ್ದಾಗ ಬ್ರಷ್ ಹಾಕಿದರೆ ಅದರ ಬೀಜಕಣ ಎಲ್ಲಾ ಸೀಟಿಗೂ ಹರಡುತ್ತೆ. ನಾಲ್ಕೂ ಬಾಗಿಲು ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಮೊದಲ ಸುತ್ತು ಒರೆಸಿ ಆ ಬಟ್ಟೆ ಎಸೆದುಬಿಡಿ. ಆಮೇಲೆ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನ ಬಟ್ಟೆಗೆ ಹಾಕಿ ಒರೆಸಿ, ನೇರ ಸುರೀಬೇಡಿ. 99ರದ್ದು ಇನ್ನೂ ಜೋರು ಅಂದ್ಕೊಂಡು ತರಬೇಡಿ, ಅದು ಕೆಲಸ ಮಾಡೋ ಮೊದಲೇ ಆರಿಹೋಗುತ್ತೆ. ಹತ್ತಿರ ಬೀಡಿ ಸಿಗರೇಟು ಕೂಡದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಬಾಗಿಲ ಚೌಕಟ್ಟಿನ ಬೀಡಿಂಗ್ ಎಷ್ಟೋ ಗಾಡಿಗಳಲ್ಲಿ ಒತ್ತಿ ಕೂರಿಸಿರ್ತಾರೆ. ಕೆಳಗಡೆ ಒಂದು ಗೇಣು ಮೆಲ್ಲಗೆ ಎಳೆದು ಹಿಂಬದಿ ನೋಡಿ, ಬೂಷ್ಟು ಅಲ್ಲೂ ಅಡಗಿರುತ್ತೆ. ಅಂಟು ಹಾಕಿರೋದಾದರೆ ಎಳೀಬೇಡಿ. ಒರೆಸಿದ ಮೇಲೂ ಮಸುಕಾಗಿ ಕಪ್ಪು ಉಳಿದರೆ ಅದು ಬರೀ ಕಲೆ ಇರಬಹುದು, ಅದರ ಮೇಲೆ ಸಿಟ್ಟು ತೀರಿಸಿಕೊಂಡರೆ ಸವೆಯೋದು ರಬ್ಬರ್.

ಎಲ್ಲಾ ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಬೇಸ್‌ನ ರಬ್ಬರ್ ಡ್ರೆಸಿಂಗ್ ತೆಳ್ಳಗೆ ಹಚ್ಚಿ, ಹೆಚ್ಚಾಗಿದ್ದನ್ನ ಒರೆಸಿ. ಪೆಟ್ರೋಲಿಯಂ ಜೆಲ್ಲಿ, ಗ್ರೀಸ್, ಎಂಜಿನ್ ಆಯಿಲ್ ಬೇಡ. ಈ ಬೀಡಿಂಗ್‌ಗಳು ಬಹುಪಾಲು ಇಪಿಡಿಎಂ ರಬ್ಬರ್. ಬಿಸಿಲು ಮಳೆ ತಡೆಯುತ್ತೆ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಸಡಿಲ ಆಗುತ್ತೆ.

ಈಗ ಆಗಲೇ ಬಿಟ್ಟಿದ್ದ ಮಾತು. ಗ್ಲಾಸ್ ಮೇಲೆ ಬೀಳೋ ಮಳೆನೀರು ಸ್ವಲ್ಪ ಬಾಗಿಲೊಳಗೆ ಇಳಿದೇ ಇಳಿಯುತ್ತೆ, ಬಾಗಿಲ ವಿನ್ಯಾಸವೇ ಹಾಗೆ. ಅದು ಹೊರಗೆ ಹೋಗೋಕೆ ಬಾಗಿಲ ತೀರಾ ಕೆಳಗಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಬಗ್ಗಿ ನೋಡಿದರೇ ಕಾಣೋದು. ಅವು ಕಟ್ಟಿಕೊಂಡರೆ ಬಾಗಿಲೇ ತೊಟ್ಟಿ. ಮೇಲೆ ಪಾಚಿಗೆ ಸದಾ ತೇವ, ಒಳಗೆ ತಗಡಿಗೆ ತುಕ್ಕು. ಗ್ಲಾಸ್ ಮೇಲೆ ಒಂದು ಮಗ್ ನೀರು ಸುರಿದು ಕೆಳಗೆ ನೋಡಿ. ತೊಟ್ಟಿಕ್ಕದೇ ಇದ್ದರೆ ವೈರ್ ಕಟ್ಟೋ ಪ್ಲಾಸ್ಟಿಕ್ ಜಿಪ್ ಟೈ ಆ ತೂತಿಗೆ ತೂರಿಸಿ ಆಡಿಸಿ. ಇಷ್ಟನ್ನ ಬಿಟ್ಟು ಮೇಲೆ ಎಷ್ಟು ತೊಳೆದರೂ ಮುಂದಿನ ಮಳೆಗೆ ಪಾಚಿ ವಾಪಸ್.

ಮರದಡಿ_ಗಾಡಿ:
ಬಹಳ ಥ್ಯಾಂಕ್ಸ್ ಸರ್. ಪಾಚಿ ನೀವು ಹೇಳಿದ ಹಾಗೇ ಅಖಂಡವಾಗಿ ಎದ್ದು ಬಂತು, ಅಡಿಯಲ್ಲಿ ರಬ್ಬರ್ ಹೊಸದರಂತಿದೆ. ಮಗ್ ನೀರು ಸುರಿದರೆ ಕೆಳಗೆ ಒಂದು ಹನಿಯೂ ಬರಲಿಲ್ಲ. ಜಿಪ್ ಟೈ ಆಡಿಸಿದ ತಕ್ಷಣ ಕೊಳೆತ ಎಲೆಯ ಕಪ್ಪು ರಾಡಿ ಬುಳುಕ್ ಅಂತ ಸುರಿದು ಚಪ್ಪಲಿ ಮೇಲೆಲ್ಲ! ಬೂಷ್ಟೂ ಹೋಗಿದೆ. ಆದರೆ ಗಾಡಿ ಬಿಸಿಲಿಗೆ ಬಿಟ್ಟರೆ ಆ ಮುಗ್ಗಲು ವಾಸನೆ ಇನ್ನೂ ಬರುತ್ತೆ. ಎಲ್ಲಿಂದ?

ಬಕೆಟ್_ಬ್ರಷ್:
ಅಷ್ಟು ರಾಡಿ ಬಂತು ಅಂದ್ರೆ ಬಾಗಿಲಲ್ಲಿ ನೀರು ನಿಂತಿತ್ತು. ಅದು ಒಳಗೂ ನುಗ್ಗಿರಬಹುದು. ಆ ಬಾಗಿಲ ಪಕ್ಕದ ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಅಂಗೈ ಊರಿ ಜೋರಾಗಿ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ನೀರು ಹಿಡಿದಿಟ್ಟಿರುತ್ತೆ. ಒದ್ದೆ ಇದ್ದರೆ ಕಾರ್ಪೆಟ್ ಅಂಚು ಎಬ್ಬಿಸಿ ಕೆಳಗೆ ಏನಾದರೂ ಒತ್ತು ಕೊಟ್ಟು, ಫ್ಯಾನ್ ಹಚ್ಚಿ ಒಣಗಿಸಿ. ಸೆಂಟು ಹೊಡೆಯೋದೆಲ್ಲ ಸುಮ್ಮನೆ ದಂಡ. ಒಣಗಿದ ಮೇಲೆ ಮಳೆ ಬಂದು ಮತ್ತೆ ಒದ್ದೆ ಆದರೆ, ಬಾಗಿಲ ಒಳಬದಿಯ ಪ್ಯಾಡ್ ಹಿಂದೆ ನೀರು ತಡೆಯೋಕೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಂಡಿದೆ ಅಂತ ಲೆಕ್ಕ. ಪ್ಯಾಡ್ ಬಿಚ್ಚಿ ನೋಡಬೇಕು. ಕ್ಲಿಪ್‌ಗಳು ಹಳೇದಾಗಿದ್ದರೆ ಪಟಪಟ ಮುರೀತವೆ, ನಾಲ್ಕೈದು ಎಕ್ಸ್‌ಟ್ರಾ ತಂದಿಟ್ಟುಕೊಂಡೇ ಕೈ ಹಾಕಿ.